ಒಣಕಾಯಿಯೊಳಗಿನ ಜೀವ: ಶರತ್ಕಾಲದ ತೋಟವೂ ಸಚಿತ್ತತ್ಯಾಗವೂ

ಮಳೆಗಾಲ ಕಳೆದು ಶರದೃತು ಬಂದೊಡನೆ ಹಿತ್ತಿಲ ತೋಟದ ರೂಪವೇ ಬದಲಾಗುತ್ತದೆ. ಆಶ್ವೀಜ-ಕಾರ್ತಿಕ ಮಾಸಗಳಲ್ಲಿ ಅಲಸಂದೆಯ ಕಾಯಿ ಬಳ್ಳಿಯಲ್ಲಿಯೇ ಒಣಗುತ್ತದೆ. ಬಲಿತ ಬೆಂಡೆ ಗೆರೆಗುಂಟ ಬಿರಿಯುತ್ತದೆ. ಕರ್ಣಕುಂಡಲದ ಕಾಯಿ ಬೆರಳು ತಾಗಿದೊಡನೆ ಸಿಡಿದು ಬೀಜವನ್ನು ದೂರಕ್ಕೆ ಚಿಮ್ಮಿಸುತ್ತದೆ. ಉತ್ತರಾಣಿಯ ತೆನೆ ನಡೆಯುವವರ ಧೋತರಕ್ಕೆ ಅಂಟಿಕೊಂಡು ಸಾಗುತ್ತದೆ. ಸಾಮಾನ್ಯರ ದೃಷ್ಟಿಗೆ ಇವು ಸತ್ತ ಗಿಡದ ಅವಶೇಷಗಳು. ವ್ರತಿಕ ಶ್ರಾವಕನಿಗೆ ಹಾಗಲ್ಲ.

ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಐದನೆಯದು ಸಚಿತ್ತತ್ಯಾಗ. ಈ ಪ್ರತಿಮಾಧಾರಿಯು ಹಸಿಯಾಗಿ ಸೇವಿಸಬಾರದ ವಸ್ತುಗಳನ್ನು ಹೇಳುವಾಗ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬೇರು, ಹಣ್ಣು, ಸೊಪ್ಪು, ಗೆಡ್ಡೆ, ಹೂ ಮೊದಲಾದವುಗಳೊಡನೆ ಬೀಜವನ್ನೂ ಎಣಿಸಿ, ಅಂತಹ ತ್ಯಾಗಿಯನ್ನು ದಯಾಮೂರ್ತಿಯೆಂದು ಕರೆದಿದ್ದಾರೆ.

ಒಣಗಿದ ಬೀಜಕ್ಕೂ ಈ ನಿಯಮವೇಕೆ? ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ವನಸ್ಪತಿಯನ್ನು ಅದು ಹುಟ್ಟುವ ಬಗೆಯಿಂದ ವಿಂಗಡಿಸಿದ್ದಾರೆ. ಕಬ್ಬು ಗೆಣ್ಣಿನಿಂದ, ಸುವರ್ಣಗೆಡ್ಡೆ ಗೆಡ್ಡೆಯಿಂದ, ಭತ್ತ-ಗೋಧಿಗಳು ಬೀಜದಿಂದ ಹುಟ್ಟುತ್ತವೆ. ಮೊಳೆಯುವ ಶಕ್ತಿ ಉಳಿದಿರುವವರೆಗೆ ಬೀಜವು ಯೋನಿಭೂತವೇ. ಅದರಲ್ಲಿ ಮೊದಲಿನ ಜೀವವಾಗಲಿ ಬೇರೊಂದು ಜೀವವಾಗಲಿ ಬಂದು ಹುಟ್ಟಬಹುದು. ಈ ಗ್ರಂಥಕ್ಕೆ 1359ರಲ್ಲಿ ಕೇಶವವರ್ಣಿಗಳು ಕನ್ನಡದಲ್ಲಿಯೇ ವೃತ್ತಿಯನ್ನು ರಚಿಸಿದ್ದು ನಾಡಿನ ಶ್ರಾವಕರ ಭಾಗ್ಯ. ಒಣಬೀಜದೊಳಗಿನ ಅಂಕುರವು ಸತ್ತಿರುವುದಿಲ್ಲ, ಸುಪ್ತಾವಸ್ಥೆಯಲ್ಲಿದ್ದು ಅತ್ಯಲ್ಪವಾಗಿ ಉಸಿರಾಡುತ್ತಿರುತ್ತದೆ ಎಂದು ಇಂದಿನ ಸಸ್ಯಶಾಸ್ತ್ರವೂ ಹೇಳುತ್ತದೆ.

ಇಲ್ಲಿ ಮನೆಮನೆಯಲ್ಲಿ ಏಳುವ ಸಂದೇಹವೊಂದುಂಟು. ತಂದೆ ಐದನೆಯ ಪ್ರತಿಮೆಯನ್ನು ಸ್ವೀಕರಿಸಿದ ಮೇಲೆ ಬಿತ್ತನೆಗಾಗಿ ಬೀಜ ಕೂಡಿಡುವುದು ವ್ರತಭಂಗವೇ? ಅಲ್ಲ. ಐದನೆಯ ಪ್ರತಿಮೆಯ ತ್ಯಾಗವು ಆಹಾರಕ್ಕೆ ಸಂಬಂಧಿಸಿದ್ದು. ಕೃಷಿ, ವಾಣಿಜ್ಯ ಮೊದಲಾದ ಆರಂಭಗಳ ತ್ಯಾಗವು ಎಂಟನೆಯ ಪ್ರತಿಮೆಯಲ್ಲಿ ಬರುತ್ತದೆ. ಆದರೆ ಅನುಮತಿಯಿದೆಯೆಂದು ಅಜಾಗ್ರತೆ ಸಲ್ಲದು.

ಅಲಸಂದೆಯ ಕಾಯಿ ಹೊಲದಲ್ಲಿರುವಾಗಲೇ ಸಣ್ಣ ದುಂಬಿಯು ಅದರ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳು ಕಾಳಿನೊಳಗೆ ಸೇರಿ ಬೆಳೆಯುತ್ತದೆ. ಹೊರಗಿನಿಂದ ಕಾಳು ನಿರ್ದೋಷವಾಗಿಯೇ ತೋರುತ್ತದೆ. ಕಾಳನ್ನು ಹಾಗೆಯೇ ಬೇಯಿಸಿದರೆ ತ್ರಸಜೀವದ ಘಾತವಾಗುತ್ತದೆ. ಆದುದರಿಂದ ಗೃಹಿಣಿಯು ಹಗಲಿನ ಬೆಳಕಿನಲ್ಲಿ ಕಾಯಿ ಬಿಡಿಸಿ, ಕಾಳುಗಳನ್ನು ಒಂದೊಂದಾಗಿ ಶೋಧಿಸಿ, ಚುಕ್ಕೆ ಅಥವಾ ತೂತು ಕಂಡುದನ್ನು ಬೇರ್ಪಡಿಸಿ ನೆರಳಿನಲ್ಲಿ ಬಿಡಬೇಕು.

ತೋಟವನ್ನು ಶುಚಿಗೊಳಿಸುವ ನೆಪದಲ್ಲಿ ಒಣಗಿಡಗಳಿಗೆ ಬೆಂಕಿಯಿಡುವ ರೂಢಿಯು ಇನ್ನೂ ದೊಡ್ಡ ದೋಷ. ಒಣ ತೆನೆ, ಟೊಳ್ಳು ಕಡ್ಡಿಗಳಲ್ಲಿ ಜೇಡ, ಇರುವೆ, ಕೀಟಗಳ ಮೊಟ್ಟೆಗಳು ಆಶ್ರಯ ಪಡೆದಿರುತ್ತವೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕಡಿಯುವುದು ಪ್ರಮಾದಚರ್ಯೆಯೆಂಬ ಅನರ್ಥದಂಡ. ಕಡ್ಡಿಗಳನ್ನು ಒಂದು ಮೂಲೆಯಲ್ಲಿ ಒಟ್ಟಿದರೆ ಅವು ತಾವಾಗಿಯೇ ಗೊಬ್ಬರವಾಗುತ್ತವೆ. ಬೆಂಕಿಯ ಅಗತ್ಯವೇ ಇಲ್ಲ.

ಕಾರ್ತಿಕ ಶುಕ್ಲ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ಅಷ್ಟಾಹ್ನಿಕ ಪರ್ವ. ಆ ಎಂಟು ದಿನ ಉಪವಾಸವಿರುವವರ ಮನೆಯ ಹಿಂದೆ ಹೊಗೆಯೇಳದಿರಲಿ. ಹೊಟ್ಟೆಯ ಸಂಯಮದೊಡನೆ ಕೈಯ ಸಂಯಮವೂ ಕೂಡಿದಾಗಲೇ ವ್ರತ ಪೂರ್ಣವಾಗುತ್ತದೆ.

ಮನನಕ್ಕೆ: 1. ಒಣಬೀಜವನ್ನು ಯೋನಿಭೂತವೆನ್ನಲು ಕಾರಣವೇನು? 2. ಐದನೆಯ ಮತ್ತು ಎಂಟನೆಯ ಪ್ರತಿಮೆಗಳಿಗೆ ಬೀಜದ ವಿಷಯದಲ್ಲಿ ಇರುವ ಭೇದವೇನು?