ಸಿಂಕಿನ ಗುಳುಗುಳು

ಪ್ರೀತಿಯ ಪುಟ್ಟಿ,

ಅಡುಗೆಮನೆ ಸಿಂಕಿನಲ್ಲಿ ನೀರು ಇಳಿಯುವಾಗಲೆಲ್ಲ ಗುಳುಗುಳು ಸದ್ದು, ಪ್ಲಂಬರ್ ಬಂದವನು ಗೋಡೆ ಒಡೆದು ಪೈಪೆಲ್ಲ ಬದಲಾಯಿಸಬೇಕು ಅಂದ ಎಂದು ಬರೆದಿದ್ದೀಯ. ಅವಸರ ಬೇಡ. ಸದ್ದು ಯಾವ ಯಾವ ಹೊತ್ತಿನಲ್ಲಿ ಬರುತ್ತದೆ ಎಂದು ಎರಡು ದಿನ ಗಮನಿಸು. ತೊಂದರೆ ಎಲ್ಲಿದೆ ಎನ್ನುವುದು ಮುಕ್ಕಾಲು ಪಾಲು ಅದರಲ್ಲೇ ತಿಳಿಯುತ್ತದೆ.

ಆ ಸದ್ದು ಗಾಳಿಯದು. ಪೈಪಿನಲ್ಲಿ ನೀರು ಇಳಿಯಬೇಕಾದರೆ ಮುಂದಿದ್ದ ಗಾಳಿ ಸರಿದು ಜಾಗ ಬಿಡಬೇಕು, ಹಿಂದೆ ಹೊಸ ಗಾಳಿ ಬಂದು ತುಂಬಬೇಕು. ಬೇರೆ ದಾರಿ ಸಿಗದಿದ್ದರೆ ಗಾಳಿ ಟ್ರ್ಯಾಪಿನಲ್ಲಿ, ಅಂದರೆ ಸಿಂಕಿನ ಕೆಳಗೆ ನೀರು ನಿಲ್ಲುವ ಭಾಗದಲ್ಲಿ, ನಿಂತ ನೀರನ್ನೇ ಸೀಳಿಕೊಂಡು ನುಗ್ಗುತ್ತದೆ. ಆ ನಿಂತ ನೀರನ್ನು ಹಗುರವಾಗಿ ಕಾಣಬೇಡ. 1775ರಲ್ಲಿ ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ ಶೌಚದ ಪೈಪನ್ನು ಎಸ್ ಆಕಾರಕ್ಕೆ ಬಗ್ಗಿಸಿ ಪೇಟೆಂಟ್ ಪಡೆದ. ಬಾಗಿನಲ್ಲಿ ಉಳಿದ ನೀರೇ ಬಾಗಿಲಾಯಿತು, ಚರಂಡಿಯ ಹೊಲಸು ಗಾಳಿ ಮನೆಯೊಳಗೆ ಬರುವುದು ನಿಂತಿತು. ಇವತ್ತಿಗೂ ನಮ್ಮನ್ನು ಕಾಯುತ್ತಿರುವುದು ಸುಮಾರು 50 ಮಿಲಿಮೀಟರ್ ಎತ್ತರದ ಆ ನೀರು. ಗುಳುಗುಳು ಎಂದಾಗಲೆಲ್ಲ ಅದು ಸ್ವಲ್ಪ ಸ್ವಲ್ಪ ಹೀರಿಹೋಗುತ್ತಿರಬಹುದು. ಹೋದರೆ ಕೊಳೆತ ಮೊಟ್ಟೆಯ ವಾಸನೆ, ಜಿರಳೆ ಎರಡೂ ಒಳಗೆ ಬರುತ್ತವೆ. 2003ರಲ್ಲಿ ಹಾಂಗ್‌ಕಾಂಗಿನ ಅಮಾಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ತಗುಲಿತು. ಬಚ್ಚಲ ನೆಲದ ಟ್ರ್ಯಾಪುಗಳು ಒಣಗಿದ್ದವು, ಸೋಂಕು ಹರಡಲು ಅದೂ ಒಂದು ದಾರಿಯಾಗಿರಬೇಕು ಎಂದು ತನಿಖೆ ನಡೆಸಿದವರು ಹೇಳಿದರು. ನಿನ್ನನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಸದ್ದು ಅಭ್ಯಾಸವಾಗಿ ಹೋಯಿತು ಎಂದು ನೀನು ಬಿಟ್ಟುಬಿಡಬಾರದು, ಅಷ್ಟೇ.

ನಿನ್ನ ಸಿಂಕು ತುಂಬಿ ಬಿಟ್ಟಾಗ ಮಾತ್ರ ಸದ್ದು ಬಂದರೆ ತೊಂದರೆ ಹತ್ತಿರದಲ್ಲೇ ಇದೆ. ಸಿಂಕಿನ ಕೆಳಗಿನ ಕಪಾಟು ತೆಗೆದು ಟಾರ್ಚ್ ಬಿಟ್ಟು ನೋಡು. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಸುರುಳಿ ಸುರುಳಿಯಾದ ಪ್ಲಾಸ್ಟಿಕ್ ವೇಸ್ಟ್ ಪೈಪನ್ನು ನೆಲದ ಜಾಲರಿಯೊಳಗೆ ತುರುಕಿ ಸುತ್ತ ಬಿಳಿ ಸಿಮೆಂಟ್ ಮೆತ್ತಿರುತ್ತಾರೆ. ಜಾಲರಿಯ ಕೆಳಗಿನ ನಹಾನಿ ಟ್ರ್ಯಾಪಿನಲ್ಲಿ ನೀರು, ಸಿಂಕಿನ ಬುಡದ ಬಾಟಲ್ ಟ್ರ್ಯಾಪಿನಲ್ಲೂ ನೀರು. ಎರಡು ನೀರಿನ ನಡುವೆ ಸಿಕ್ಕಿಬಿದ್ದ ಗಾಳಿ ಎಲ್ಲಿಗೆ ಹೋಗಬೇಕು? ಮೇಲಿನ ನೀರು ಒತ್ತಿದಾಗ ಗುಳ್ಳೆಗಳಾಗಿ ವಾಪಸ್ ಏರುತ್ತದೆ. ನಾನು ನೋಡಿದ ಗದ್ದಲದ ಸಿಂಕುಗಳಲ್ಲಿ ಬಹುಪಾಲಿನ ಕಥೆ ಇದೇ. ಇದಕ್ಕೆ ಗೋಡೆ ಒಡೆಯುವುದು ಶುದ್ಧ ತಪ್ಪು.

ಪರೀಕ್ಷೆಗೆ ಕಾಸು ಖರ್ಚಿಲ್ಲ. ಸಿಮೆಂಟನ್ನು ಮೆಲ್ಲಗೆ ಬಿಡಿಸಿ ಪೈಪಿನ ತುದಿಯನ್ನು ಜಾಲರಿಯಿಂದ ಎಳೆದು ಬಕೆಟ್ಟಿಗೆ ಇಳಿಬಿಡು, ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗದಿರಲಿ. ಸಿಂಕಿನ ನೀರು ಬಿಡು. ಸದ್ದಿಲ್ಲದೆ ಸರಾಗವಾಗಿ ಇಳಿದರೆ ತೊಂದರೆ ನೆಲದ ಕಡೆಯದು: ನಹಾನಿ ಟ್ರ್ಯಾಪ್ ಕೈಹಾಕಿ ಶುಚಿಮಾಡು, ಪೈಪಿನ ತುದಿ ಅಲ್ಲಿನ ನೀರಿಗಿಂತ ಮೇಲೆ ನಿಲ್ಲುವಂತೆ, ಸುತ್ತ ಚೂರು ಗಾಳಿಯಾಡುವಂತೆ ಕೂರಿಸು. ನಹಾನಿ ಟ್ರ್ಯಾಪಿನ ನೀರು ಅಲ್ಲೇ ಇರುವುದರಿಂದ ಚರಂಡಿ ವಾಸನೆ ಬರುವುದಿಲ್ಲ. ಬಕೆಟ್ಟಿಗೆ ಬಿಟ್ಟಾಗಲೂ ಗುಳುಗುಡುತ್ತಾ ನಿಧಾನವಾಗಿ ಇಳಿದರೆ ಬಾಟಲ್ ಟ್ರ್ಯಾಪ್ ಬಿಚ್ಚು, ಅದು ಕೈಯಲ್ಲೇ ತಿರುಗುತ್ತದೆ. ಒಳಗೆ ತುಪ್ಪ, ಒಗ್ಗರಣೆ ಎಣ್ಣೆ, ಗಂಜಿ, ಕಾಫಿ ಚರಟ, ಕರಿಬೇವು ಸೇರಿ ಕಪ್ಪು ಗಟ್ಟಿಯಾಗಿ ಕೂತಿರುತ್ತದೆ. ತೊಳೆದು, ವಾಷರ್ ಮರೆಯದೆ ಹಾಕು. ಪೈಪ್ ನಡುವೆ ಜೋತು ಹೊಟ್ಟೆಬಿಟ್ಟಿದ್ದರೆ ಉದ್ದ ಕತ್ತರಿಸಿ ನೇರಮಾಡು. ಅಡುಗೆಮನೆಗೆ ಕನಿಷ್ಠ 40 ಮಿಲಿಮೀಟರ್ ಪೈಪ್ ಬೇಕು, ಕೈತೊಳೆಯುವ ಬೇಸಿನ್ನಿನ 32ರದ್ದು ಸಾಲದು. ಕೊನೆಯ ಹನಿಗಳ ಜೊತೆ ಒಮ್ಮೆ ಗೊಳಕ್ ಎಂದರೆ ಅದು ಸಹಜ, ಬಿಟ್ಟುಬಿಡು.

ಸಿಂಕಿನ ನಲ್ಲಿ ನಿಲ್ಲಿಸಿರುವಾಗಲೂ, ವಾಷಿಂಗ್ ಮಷೀನ್ ನೀರು ಬಿಟ್ಟಾಗ ಅಥವಾ ಮೇಲಿನ ಮನೆಯವರು ನೀರು ಬಿಟ್ಟಾಗ ಸದ್ದು ಬಂದರೆ ವಿಷಯ ಬೇರೆ. ಎಲ್ಲ ಮನೆಗಳ ನೀರು ಇಳಿಯುವ ದೊಡ್ಡ ಪೈಪಿನ ತಲೆ ತಾರಸಿಯ ಮೇಲೆ ತೆರೆದಿರಬೇಕು, ಅದೇ ಅದರ ಉಸಿರು. ಮೇಲೆ ಇನ್ನೊಂದು ಮಹಡಿ ಎಬ್ಬಿಸುವಾಗ ಅದನ್ನು ಮುಚ್ಚಿಬಿಡುವುದುಂಟು, ಹಕ್ಕಿ ಗೂಡು ಕಟ್ಟುವುದೂ ಉಂಟು. ಮನೆ ಮಾಲೀಕರನ್ನು ಕರೆದುಕೊಂಡು ತಾರಸಿಗೆ ಹೋಗಿ ತೋರಿಸು. ಇದು ಅವರ ಖರ್ಚು, ನಿನ್ನದಲ್ಲ.

ಅಂಗಡಿಯ ಡ್ರೈನ್ ಪುಡಿಯನ್ನು ಮೊದಲ ಮದ್ದು ಮಾಡಿಕೊಳ್ಳಬೇಡ. ಅದರಲ್ಲಿರುವುದು ಕಾಸ್ಟಿಕ್ ಸೋಡಾ, ಕೈ ಕಣ್ಣು ಎರಡನ್ನೂ ಸುಡುತ್ತದೆ. ನೀರು ಕಟ್ಟಿಕೊಂಡ ಪೈಪಿಗೆ ಅದನ್ನು ಸುರಿದು, ಆಮೇಲೆ ಅದೇ ಪೈಪ್ ಬಿಚ್ಚಲು ಹೋಗುವವರ ಗತಿ ಯೋಚಿಸು. ಆಸಿಡ್ಡನ್ನೂ ಬ್ಲೀಚನ್ನೂ ಬೆರೆಸಲೇ ಕೂಡದು, ಕ್ಲೋರಿನ್ ಗಾಳಿ ಏಳುತ್ತದೆ. ಕುದಿಯುವ ನೀರಿಗೆ ಪಿವಿಸಿ ಪೈಪ್ ಮೆತ್ತಗಾಗುತ್ತದೆ, ಕೈ ತಡೆಯುವಷ್ಟು ಬಿಸಿ ಸಾಕು. ರಬ್ಬರ್ ಪಂಪಿನಿಂದ ಒತ್ತುವಾಗ ಜೋಡಿ ಸಿಂಕಾದರೆ ಇನ್ನೊಂದರ ತೂತಿಗೆ ಒದ್ದೆ ಬಟ್ಟೆ ತುರುಕು, ಇಲ್ಲದಿದ್ದರೆ ಒತ್ತಿದ ಗಾಳಿಯೆಲ್ಲ ಅತ್ತ ಹೋಗುತ್ತದೆ. ಎಲ್ಲಕ್ಕಿಂತ ಮೊದಲು, ಮುಸುರೆ ಪಾತ್ರೆಯ ಜಿಡ್ಡನ್ನು ಹಳೆಯ ಕಾಗದದಲ್ಲಿ ಒರೆಸಿ ಆಮೇಲೆ ನೀರು ಹಾಕು.

ಸಿಂಕಿನ ಜೊತೆಗೆ ಬಚ್ಚಲೂ ಗುಳುಗುಟ್ಟಿ ನೀರು ಮೇಲೆ ಬರತೊಡಗಿದರೆ ಹೊರಗಿನ ಚೇಂಬರ್ ಕಟ್ಟಿದೆ ಎಂದರ್ಥ. ಆಗ ಯಾರೋ ಒಬ್ಬರನ್ನು ಕರೆತಂದು ಮ್ಯಾನ್‌ಹೋಲಿಗೆ ಇಳಿಸೋಣ ಎಂಬ ಮಾತು ಬಂದೀತು. ಒಪ್ಪಬೇಡ. ರಕ್ಷಣೆಯಿಲ್ಲದೆ ಮನುಷ್ಯರನ್ನು ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಆದರೂ ಆ ಗುಂಡಿಗಳ ಗಾಳಿಗೆ ಜನ ಸಾಯುತ್ತಲೇ ಇದ್ದಾರೆ. ನೀನಿರುವುದು ಬೆಂಗಳೂರಿನಲ್ಲಿ, ಜಲಮಂಡಳಿಯ 1916ಕ್ಕೆ ಫೋನ್ ಮಾಡಿ ಯಂತ್ರ ಕಳಿಸಿ ಎಂದು ಕೇಳು. ಮಾಲೀಕರು ಮಾಡಲಿ ಎಂದು ಕಾಯಬೇಡ.

ನಿನ್ನ ಸೋದರಮಾವ