ಇಳಕಲ್ ಸೀರೆ ತಡವಾದರೆ ಮೋಸವೇ?

ತಂಗಿಯ ಕುಬಸಕ್ಕೆಂದು ಮುಂಗಡ ಕೊಟ್ಟು ಆನ್‌ಲೈನ್‌ನಲ್ಲಿ ಹೇಳಿದ ಇಳಕಲ್ ಸೀರೆ ಇನ್ನೂ ಪುಣೆಗೆ ಬಂದಿಲ್ಲವೆಂದು ಬರೆದಿದ್ದೀರಿ. ನಿಮ್ಮ ಆತಂಕ ಸಹಜ, ಅಕ್ಕಾ. ಆದರೆ ಕೆಟ್ಟ ರಿವ್ಯೂ ಹಾಕುವ ಮೊದಲು ಒಂದು ಮಾತು ವಿಚಾರಿಸಿ: ಅದು ಅಂಗಡಿಯಲ್ಲಿದ್ದ ಸಿದ್ಧ ಸೀರೆಯೋ, ನಿಮಗಾಗಿ ಕೈಮಗ್ಗದಲ್ಲಿ ನೇಯುತ್ತಿರುವುದೋ?

ಕೈಮಗ್ಗದ್ದಾದರೆ ಸ್ವಲ್ಪ ತಾಳ್ಮೆ ಇರಲಿ. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವುದೇ ಇಳಕಲ್‌ನ ವೈಶಿಷ್ಟ್ಯ. ಹೀಗಾಗಿ ಪ್ರತಿ ಸೀರೆಗೂ ಹಾಸನ್ನು ಬೇರೆಯಾಗಿಯೇ ಅಣಿಮಾಡಬೇಕು. ಜೋರು ಮಳೆಗೆ ಮಗ್ಗದ ಕುಣಿಯಲ್ಲಿ ನೀರು ಜಿನುಗಿದರೆ ಕೆಲಸವೇ ನಿಲ್ಲುತ್ತದೆ. ಫೋನ್ ಮಾಡಿ ಮಾತಾಡಿ, ಮಗ್ಗದ ಮೇಲಿರುವ ಸೀರೆಯ ಫೋಟೊ ಕೇಳಿ, ಹೊಸ ದಿನಾಂಕವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ನಿಜವಾಗಿ ನೇಯುತ್ತಿರುವವರು ಕಳಿಸಲು ಹಿಂದೆಮುಂದೆ ನೋಡುವುದಿಲ್ಲ.

ಫೋನೇ ಎತ್ತದವರಿಗೆ, ಪವರ್‌ಲೂಮ್ ಸೀರೆ ಮಾರಿ ನೇಕಾರರ ನೆಪ ಹೇಳುವವರಿಗೆ ಈ ರಿಯಾಯಿತಿ ಬೇಡ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ, ಆನ್‌ಲೈನ್ ಮಾರುಕಟ್ಟೆಯ ಮಾರಾಟಗಾರರು ಹೇಳಿದ ವೇಳೆ ಮೀರಿ ಬಂದ ಸರಕನ್ನು ವಾಪಸ್ ಪಡೆಯಲು, ಹಣ ಮರಳಿಸಲು ಒಲ್ಲೆ ಎನ್ನುವಂತಿಲ್ಲ. ಅವರ ಕೈಮೀರಿದ ವಿಕೋಪಗಳಷ್ಟೇ ಇದಕ್ಕೆ ಹೊರತು. ರಸೀದಿ, ಮೆಸೇಜುಗಳನ್ನು ಅಳಿಸದೆ ಇಟ್ಟುಕೊಳ್ಳಿ. ದಾರಿ ಕಾಣದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ.