ಕಿರುನೇಮಗಳ ಹಿರಿಮೆ

ಮನುಷ್ಯನು ತನ್ನ ಆಯುಷ್ಯದಲ್ಲಿ ಮಹತ್ಕಾರ್ಯಗಳನ್ನು ಮಾಡುವ ದಿನಗಳು ವಿರಳ. ಉಳಿದ ದಿನಗಳೆಲ್ಲ ಏಳುವುದು, ದುಡಿಯುವುದು, ಉಣ್ಣುವುದು, ನಾಲ್ಕು ಮಾತನಾಡುವುದು, ಮಲಗುವುದು ಎಂಬ ಸಾಧಾರಣ ವ್ಯಾಪಾರಗಳಲ್ಲಿಯೇ ಸಂದುಹೋಗುತ್ತವೆ. ಈ ವ್ಯಾಪಾರಗಳನ್ನು ಅವನು ಯಾವ ರೀತಿಯಿಂದ ನಡೆಸುತ್ತಾನೆಂಬುದರ ಮೇಲೆಯೇ ಅವನ ಗುಣವೂ, ಮನೆಮಂದಿಯೊಡನೆ ಹಾಗೂ ನೆರೆಹೊರೆಯವರೊಡನೆ ಅವನಿಗಿರುವ ಬಾಂಧವ್ಯವೂ ನಿಂತಿವೆ. ಆದುದರಿಂದ ವಿದ್ಯಾರ್ಥಿಯಾದವನು ಮೊದಲು ಅರಿಯಬೇಕಾದುದು ಕಿರುನೇಮಗಳ ಹಿರಿಮೆಯನ್ನು.

ಕನ್ನಡದಲ್ಲಿ ‘ಅಭ್ಯಾಸ’ವೆಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಪಾಠವನ್ನು ಓದುವುದೂ ಅಭ್ಯಾಸವೇ. ಪದೇ ಪದೇ ಮಾಡಿ ಮೈಗೂಡಿದ ನಡೆಯೂ ಅಭ್ಯಾಸವೇ. ಹಾಗೆಯೇ ‘ನಡೆ’ ಎಂಬ ಧಾತುವಿನಿಂದ ‘ನಡತೆ’ ಎಂಬ ಶಬ್ದವು ಹುಟ್ಟಿದೆ. ಸಂಸ್ಕೃತದಲ್ಲಿ ನಡೆಯುವುದೆಂಬ ಅರ್ಥದ ‘ಚರ್’ ಧಾತುವಿನಿಂದ ‘ಆಚಾರ’ವೆಂಬ ಶಬ್ದವು ಹುಟ್ಟಿದೆ. ಎರಡು ಭಾಷೆಗಳೂ ಗುಣವನ್ನು ಹೆಜ್ಜೆಗೆ ಹೋಲಿಸಿರುವುದು ಮನನೀಯವಾಗಿದೆ. ಹೆಜ್ಜೆಯು ಚಿಕ್ಕದು, ಆದರೆ ಹೆಜ್ಜೆಯಿಲ್ಲದೆ ದಾರಿ ಸಾಗದು. ಶರಣಧರ್ಮದ ಪಂಚಾಚಾರಗಳಲ್ಲಿ ಸತ್ಯಶುದ್ಧವಾದ ದುಡಿಮೆಯನ್ನು ಹೇಳುವ ಸದಾಚಾರವೂ, ಎಲ್ಲರಲ್ಲಿಯೂ ವಿನಯದಿಂದಿರುವುದನ್ನು ಹೇಳುವ ಭೃತ್ಯಾಚಾರವೂ ಸೇರಿವೆ. ಮೊದಲನೆಯದು ತನ್ನನ್ನು ತಿದ್ದಿಕೊಳ್ಳುವ ದಾರಿ. ಎರಡನೆಯದು ಇತರರೊಡನೆ ಬಾಳುವ ದಾರಿ.

ಈ ತತ್ತ್ವಕ್ಕೆ ಆಯ್ದಕ್ಕಿ ದಂಪತಿಗಳ ಚರಿತೆಗಿಂತ ಮಿಗಿಲಾದ ನಿದರ್ಶನವು ದೊರೆಯುವುದು ಕಷ್ಟ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಮಾರಯ್ಯನವರೂ ಲಕ್ಕಮ್ಮನವರೂ 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದು ನೆಲೆಸಿದರು. ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ನಿತ್ಯದ ಕಾಯಕ. ಆ ಅಕ್ಕಿಯಿಂದಲೇ ಅವರ ಮನೆಯ ದಾಸೋಹ. ಶೂನ್ಯಸಂಪಾದನೆಯಲ್ಲಿ ಇವರ ಪ್ರಸಂಗಕ್ಕೆಂದೇ ಒಂದು ಅಧ್ಯಾಯವಿದೆ. ಒಂದು ದಿನ ಮಾರಯ್ಯನವರು ಅನುಭಾವದ ಮಾತಿನಲ್ಲಿ ಮೈಮರೆತು ಕಾಯಕದ ಹೊತ್ತನ್ನು ಮೀರಿದರು. ಲಕ್ಕಮ್ಮನವರು ಎಚ್ಚರಿಸಲು, ಅವಸರದಿಂದ ಹೋಗಿ ಅಕ್ಕಿಯನ್ನು ಆಯ್ದು ತಂದರು. ಅಂದು ತಂದ ಅಕ್ಕಿಯು ದಿನದ ಅಳತೆಗಿಂತ ಹೆಚ್ಚಾಗಿತ್ತು. ಲಕ್ಕಮ್ಮನವರು ಅದನ್ನು ಕಂಡು ಹಿಗ್ಗಲಿಲ್ಲ. ಬಡತನದ ಮನೆಗೆ ಆಸೆಯು ಬರಬಾರದೆಂದು ಹೇಳಿ, ಹೆಚ್ಚಿನ ಅಕ್ಕಿಯನ್ನು ಮೊದಲಿದ್ದಲ್ಲಿಯೇ ಸುರಿದು ಬರಲು ಪತಿಗೆ ತಿಳಿಸಿದರು. ಮಾರಯ್ಯನವರು ಹಾಗೆಯೇ ಮಾಡಿದರು.

ಇಲ್ಲಿ ಗಮನಿಸತಕ್ಕ ಅಂಶಗಳು ಮೂರು. ಮೊದಲನೆಯದಾಗಿ, ಆ ಮನೆಗೆ ದಿನದ ಅಳತೆಯೊಂದು ಇದ್ದಿತು. ಅಳತೆಯು ರೂಢಿಯಾಗಿದ್ದುದರಿಂದಲೇ ಹೆಚ್ಚು ಬಂದುದು ಕೂಡಲೇ ಕಣ್ಣಿಗೆ ಬಿದ್ದಿತು. ಎರಡನೆಯದಾಗಿ, ತಪ್ಪು ಚಿಕ್ಕದಿರುವಾಗಲೇ ಅದನ್ನು ತಿದ್ದಲಾಯಿತು. ಮೂರನೆಯದಾಗಿ, ಹೆಂಡತಿಯು ಹೇಳಿದ ಮಾತನ್ನು ಗಂಡನು ಅವಮಾನವೆಂದು ಬಗೆಯಲಿಲ್ಲ. ಹೇಳುವ ಧೈರ್ಯವೂ ಕೇಳುವ ವಿನಯವೂ ಒಂದೇ ಮನೆಯಲ್ಲಿ ಕೂಡಿದ್ದುದರಿಂದ ಅವರ ದಾಂಪತ್ಯವು ಆದರ್ಶವೆನಿಸಿತು. ಇಂಥ ಗುಣಗಳು ಒಂದೇ ದಿನದಲ್ಲಿ ಬರುವವಲ್ಲ. ನಿತ್ಯವೂ ಆಡಿದ ಮಾತು, ಆಲಿಸಿದ ಮಾತುಗಳಿಂದ ಬೆಳೆಯುವವು.

ಕಿಣ್ಣಿ ಸುಲ್ತಾನ, ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಜನರಿಗೆ ಮತ್ತೊಂದು ನಿದರ್ಶನವು ಇನ್ನೂ ಸಮೀಪದ್ದು. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಜನಿಸಿದ ಶರಣಬಸವೇಶ್ವರರು ಒಕ್ಕಲುತನ ಮಾಡಿದವರು. ಬೆಳೆಗೆ ಬಂದ ಹಕ್ಕಿಗಳನ್ನು ಕವಣೆಯಿಂದ ಓಡಿಸದೆ, ಅವು ಕಾಳು ತಿಂದ ಬಳಿಕ ಕುಡಿಯಲೆಂದು ಹೊಲದಲ್ಲಿ ನೀರನ್ನೂ ಇರಿಸುತ್ತಿದ್ದರೆಂದು ಜನರು ಇಂದಿಗೂ ಹೇಳುತ್ತಾರೆ. ಮುಂದೆ ಕಲಬುರಗಿಯಲ್ಲಿ ನೆಲೆಸಿ, 1822ರಲ್ಲಿ ಲಿಂಗೈಕ್ಯರಾಗುವವರೆಗೂ ಅವರು ನಡೆಸಿದ ದಾಸೋಹವು ಸಂಸ್ಥಾನದ ಸಂಪ್ರದಾಯವಾಗಿ ಉಳಿದು, 20ನೆಯ ಶತಮಾನದಲ್ಲಿ ವಿದ್ಯಾದಾಸೋಹವಾಗಿಯೂ ಕವಲೊಡೆಯಿತು. ಬಂದವರಿಗೆ ಉಣಬಡಿಸುವುದು ಒಂದು ದಿನದ ಉತ್ಸವವಾಗಿದ್ದರೆ ಅದು ಕಥೆಯಾಗಿ ಉಳಿಯುತ್ತಿತ್ತು; ನಿತ್ಯದ ನೇಮವಾದುದರಿಂದ ಪರಂಪರೆಯಾಯಿತು.

ಹಾಗಾದರೆ ಶಾಲೆಯ ಬಾಲಕನು ಯಾವ ನೇಮಗಳನ್ನು ಹಿಡಿಯಬೇಕು? ಪ್ರಾತಃಕಾಲದಲ್ಲಿ ಎದ್ದು ಸ್ವಲ್ಪ ಹೊತ್ತು ಲಿಂಗಪೂಜೆಯಲ್ಲಿಯೋ ಮೌನದಲ್ಲಿಯೋ ಮನಸ್ಸನ್ನು ನಿಲ್ಲಿಸುವುದು ಮೊದಲನೆಯದು. ತಾಟಿನಲ್ಲಿ ಬೇಕಾದಷ್ಟನ್ನೇ ಬಡಿಸಿಕೊಂಡು, ಉಂಡ ತಾಟನ್ನು ತಾನೇ ತೊಳೆದಿಡುವುದು ಎರಡನೆಯದು. ಇದು ಅಲ್ಪವೆಂದು ತೋರಬಹುದು. ಆದರೆ ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದು, ಎಲ್ಲರೂ ಉಂಡ ಮೇಲೆ ಉಣ್ಣುವ ತಾಯಿಗೆ ಅದು ಅಲ್ಪವಲ್ಲ. ಅವಳ ದುಡಿಮೆಯನ್ನು ಮಗನು ಕಂಡಿದ್ದಾನೆಂಬುದಕ್ಕೆ ಆ ತೊಳೆದ ತಾಟೇ ಸಾಕ್ಷಿ.

ಎರವಲು ತಂದ ಪುಸ್ತಕವನ್ನಾಗಲಿ ಕುಡುಗೋಲನ್ನಾಗಲಿ ಹೇಳಿದ ದಿನವೇ ಮರಳಿಸುವುದು ಮೂರನೆಯದು. ನಾಲ್ಕನೆಯದು ಕರೆಯುವ ರೀತಿ. ಮನುಷ್ಯರನ್ನು ಗೌರವದಿಂದ ಕರೆಯುವುದರಲ್ಲಿಯೇ ಸ್ವರ್ಗವಿದೆ, ತುಚ್ಛವಾಗಿ ಕರೆಯುವುದರಲ್ಲಿಯೇ ನರಕವಿದೆ ಎಂಬ ಅಭಿಪ್ರಾಯವನ್ನು ಬಸವಣ್ಣನವರು ವ್ಯಕ್ತಪಡಿಸಿದ್ದಾರೆ. ಈ ಸೀಮೆಯ ಆಡುಮಾತಿನಲ್ಲಿ ‘ರೀ’ ಎಂಬ ಒಂದಕ್ಷರವು ಆ ಕೆಲಸವನ್ನು ಮಾಡುತ್ತದೆ. ಗುರುಹಿರಿಯರಿಗೆ ಸಲ್ಲುವ ಆ ಅಕ್ಷರವು ಕೂಲಿಗೆ ಬಂದವರಿಗೂ, ಅಂಗಳ ಗುಡಿಸುವವರಿಗೂ ಸಂದಾಗಲೇ ಭೃತ್ಯಾಚಾರವು ಸಾರ್ಥಕ.

ಐದನೆಯ ನೇಮವು ಎಲ್ಲಕ್ಕಿಂತ ಕಠಿಣವಾದುದು. ಹಳ್ಳಿಗಳಲ್ಲಿ ಬದುವಿನ ಒಂದು ಗೇಣು ನೆಲಕ್ಕಾಗಿಯೋ, ಮದುವೆಯಲ್ಲಿ ಕರೆಯುವ ಕ್ರಮ ತಪ್ಪಿತೆಂದೋ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಜಗಳದ ಕಾರಣವು ಮರೆತುಹೋದರೂ ಮಾತು ಬಿಟ್ಟದ್ದು ರೂಢಿಯಾಗಿ ಉಳಿಯುತ್ತದೆ. ಒಂದೇ ಗೋಡೆಯ ಎರಡು ಮಗ್ಗುಲಿಗೆ ಬಾಳುವ ಮಕ್ಕಳು ಒಬ್ಬರನ್ನೊಬ್ಬರು ಅರಿಯದೆ ಬೆಳೆಯುತ್ತಾರೆ. ಒಳ್ಳೆಯ ನಡೆಯಂತೆ ಕೆಟ್ಟ ನಡೆಯೂ ಪುನರಾವೃತ್ತಿಯಿಂದಲೇ ಗಟ್ಟಿಯಾಗುತ್ತದೆಂಬುದಕ್ಕೆ ಇದೇ ನಿದರ್ಶನ. ಆದುದರಿಂದ ಮಲಗುವ ಮುನ್ನ ದಿನದ ಮಾತುಗಳನ್ನು ನೆನೆದು, ನೋಯಿಸಿದವರನ್ನು ಮರುದಿನ ತಾನೇ ಮುಂದಾಗಿ ಮಾತನಾಡಿಸಬೇಕು. ‘ಉಂಡಿರೇನು?’ ಎಂಬ ಒಂದು ಪ್ರಶ್ನೆಯು ಎಷ್ಟೋ ಸಲ ಪಂಚರ ತೀರ್ಪಿಗಿಂತ ಹೆಚ್ಚಿನದನ್ನು ಸಾಧಿಸುತ್ತದೆ.

ನೇಮವು ನೆಲೆಗೊಳ್ಳಲು ಕಾಲ ಬೇಕು. ದೀರ್ಘಕಾಲ, ಎಡೆಬಿಡದೆ, ಆದರದಿಂದ ಮಾಡಿದ ಅಭ್ಯಾಸವೇ ದೃಢವಾಗುತ್ತದೆಂದು ಪತಂಜಲಿಯ ಯೋಗಸೂತ್ರವು ಬೋಧಿಸುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ನಡೆಸಿ, 2010ರಲ್ಲಿ ಅಚ್ಚಾದ ಅಧ್ಯಯನವೊಂದರಲ್ಲಿ 96 ಜನರು ಊಟ, ಪಾನ, ವ್ಯಾಯಾಮಗಳಿಗೆ ಸಂಬಂಧಿಸಿದ ಒಂದೊಂದು ಹೊಸ ರೂಢಿಯನ್ನು ಆಯ್ದುಕೊಂಡು 12 ವಾರ ನಡೆಸಿದರು. ಅದು ತಾನಾಗಿಯೇ ನಡೆಯುವ ಮಟ್ಟಕ್ಕೆ ಬರಲು ನಡುಮಟ್ಟದ ಲೆಕ್ಕದಲ್ಲಿ 66 ದಿನ ಬೇಕಾದವು. ಕೆಲವರಿಗೆ 18 ದಿನ ಸಾಕಾದರೆ, ಕೆಲವರ ಅಂದಾಜು 254 ದಿನಗಳವರೆಗೂ ಹೋಯಿತು. ಒಂದು ದಿನ ತಪ್ಪಿದ ಮಾತ್ರಕ್ಕೆ ಕಟ್ಟಿದ್ದೆಲ್ಲವೂ ಕೆಡುವುದಿಲ್ಲವೆಂಬುದೂ ಅದರಿಂದ ತಿಳಿದುಬಂದಿತು. ಹೊಸ ನೇಮವನ್ನು ಹಳೆಯ ನೇಮಕ್ಕೆ ಜೋಡಿಸಿದರೆ, ಎಂದರೆ ಉಂಡ ಕೂಡಲೇ ತಾಟು, ದೀಪ ಆರಿಸುವ ಮುನ್ನ ದಿನದ ನೆನಪು ಎಂದು ಗೊತ್ತುಮಾಡಿಕೊಂಡರೆ, ಮರೆವಿಗೆ ಎಡೆ ಕಡಿಮೆ.

ಇದನ್ನು ತೊಗರಿ ಬೆಳೆಯುವ ಒಕ್ಕಲಿಗನಿಗೆ ಬೇರೆಯಾಗಿ ತಿಳಿಸಬೇಕಾಗಿಲ್ಲ. ಮುಂಗಾರಿನಲ್ಲಿ ಬಿತ್ತಿದ ತೊಗರಿಯು ಮೊದಲಿನ ದಿನಗಳಲ್ಲಿ ಬಲು ಮೆಲ್ಲಗೆ ಬೆಳೆಯುತ್ತದೆ. ಜೊತೆಗೆ ಬಿತ್ತಿದ ಹೆಸರು, ಉದ್ದು ಕಟಾವಿಗೆ ಬಂದಾಗಲೂ ಅದು ಹೂವನ್ನೇ ಬಿಟ್ಟಿರುವುದಿಲ್ಲ. ಆದರೆ ಅದರ ಬೇರು ಕರಿನೆಲದ ಆಳಕ್ಕೆ ಇಳಿದಿರುತ್ತದೆ. ಮಳೆ ನಿಂತ ಮೇಲೆ ಗಿಡವನ್ನು ಉಳಿಸುವುದು ಆ ಬೇರೇ.

ಕೊನೆಯದಾಗಿ ಒಂದು ಎಚ್ಚರಿಕೆ. ನೇಮವು ಡಂಭಕ್ಕೆ ತಿರುಗಬಾರದು. ಒಳಗೆ ಪೂಜೆಗೆ ಕುಳಿತು, ಬಾಗಿಲಿಗೆ ಬಂದ ಹಸಿದವನನ್ನು ಗದರಿ ಕಳುಹಿಸುವವನಿಗೆ ನೇಮವಿದೆ, ಆಚಾರವಿಲ್ಲ. ತನ್ನ ನೇಮದ ಭಾರವನ್ನು ಮನೆಯ ಹೆಣ್ಣುಮಕ್ಕಳ ಮೇಲೆ ಹೊರಿಸುವವನ ಸ್ಥಿತಿಯೂ ಅಂತೆಯೇ. ಹಿಡಿದ ನೇಮದಿಂದ ಜೊತೆಯವರ ಬಾಳು ಹಗುರವಾಯಿತೇ ಎಂಬುದೇ ಅದರ ಒರೆಗಲ್ಲು. ಲಕ್ಕಮ್ಮನವರು ಮರಳಿಸಿದ ಅಕ್ಕಿಯು ಬಹಳವಾಗಿರಲಿಲ್ಲ. ಆದರೆ ಎಂಟು ಶತಮಾನಗಳು ಕಳೆದರೂ ಅದರ ತೂಕವು ಕಡಿಮೆಯಾಗಿಲ್ಲ. ವಿದ್ಯಾರ್ಥಿಗಳು ಮೇಲಿನ ಐದರಲ್ಲಿ ಒಂದನ್ನಾದರೂ ಇಂದೇ ಹಿಡಿದು, ತೊಗರಿಯ ಒಕ್ಕಲಿಗನ ತಾಳ್ಮೆಯಿಂದ ಸಾಕಿ ಬೆಳೆಸಲಿ.